ಸ್ಕೂಟರಿನ ಮುಳ್ಳು ನೋಡಿ ದೂರ ಲೆಕ್ಕ ಹಾಕುವುದು

ನನ್ನ ಸ್ಕೂಟರಿನ ಕಿಲೋಮೀಟರ್ ಅಂಕಿ ತಿರುಗೋದು ನಿಂತು ಎರಡು ವರ್ಷ ಆಯ್ತು. ವೇಗದ ಮುಳ್ಳು ಮಾತ್ರ ಚೆನ್ನಾಗಿ ಆಡುತ್ತದೆ. ಕೊಪ್ಪಳದಲ್ಲಿ ಪಿಯು ಮಕ್ಕಳಿಗೆ ಟ್ಯೂಷನ್ ಹೇಳುವ ನನಗೆ ಅಷ್ಟೇ ಸಾಕು.

ಹೋದ ಭಾನುವಾರ ಅಕ್ಕನ ಮಗಳನ್ನು ಹಿಂದೆ ಕೂರಿಸಿಕೊಂಡು ಗಿಣಿಗೇರಾ ರಸ್ತೆಗೆ ಹೋದೆ. ಬೇವಿನ ಮರದ ಹತ್ತಿರ ಹೊರಟು, ಸರಿಯಾಗಿ ಒಂದು ನಿಮಿಷಕ್ಕೆ ನಿಲ್ಲಿಸಿದೆ. ಅವಳು ನನ್ನ ಹೆಗಲ ಮೇಲಿಂದ ಇಣುಕಿ, 10 ಸೆಕೆಂಡಿಗೊಮ್ಮೆ ಮುಳ್ಳು ಓದಿ ಮೊಬೈಲಿಗೆ ಹೇಳಿದಳು: 0, 30, 48, 54, 48, 30, 0.

"ಮಾಮಾ, 54 ಹಿಡಿದು ಒಂದು ನಿಮಿಷಕ್ಕ ಗುಣಿಸಿದ್ರ ಆತಲ್ಲ?"

ಹಾಗೆ ಮಾಡಿದರೆ 900 ಮೀಟರ್ ಬರುತ್ತದೆ. ಆದರೆ 54 ಇದ್ದದ್ದು ಒಂದೇ ಕ್ಷಣ, ಅಲ್ವಾ?

ಮೊದಲು ಗಂಟೆಯ ಲೆಕ್ಕವನ್ನು ಸೆಕೆಂಡಿಗೆ ಇಳಿಸಿ. 3.6ರಿಂದ ಭಾಗಿಸಿದರಾಯಿತು, 54 ಅಂದರೆ ಸೆಕೆಂಡಿಗೆ 15 ಮೀಟರ್. ಪರೀಕ್ಷೆಯಲ್ಲಿ ಜಾಸ್ತಿ ಮಕ್ಕಳು ಎಡವೋದು ಇಲ್ಲೇ.

ಆಮೇಲೆ 10 ಸೆಕೆಂಡಿನ ಒಂದೊಂದು ತುಂಡು ತೆಗೆದುಕೊಳ್ಳಿ. ಮೊದಲ ತುಂಡಿನಲ್ಲಿ ಮುಳ್ಳು 0ಯಿಂದ 30ಕ್ಕೆ ಏರಿದೆ. ಸರಾಸರಿ 15, ಅಂದರೆ ಸೆಕೆಂಡಿಗೆ 4.17 ಮೀಟರ್. 10 ಸೆಕೆಂಡಿಗೆ ಸುಮಾರು 42 ಮೀಟರ್. ಆರೂ ತುಂಡು ಕೂಡಿಸಿದರೆ 583 ಮೀಟರ್. ಗ್ರಾಫ್ ಹಾಳೆಯಲ್ಲಿ ಇವು ಓರೆ ತಲೆಯ ಆರು ಪಟ್ಟಿಗಳು. ಅವುಗಳ ವಿಸ್ತೀರ್ಣವೇ ದೂರ.

ನಿಜವಾದ ಗೆರೆ ಆ ಓರೆಗಳ ಮೇಲೆ ಸ್ವಲ್ಪ ಉಬ್ಬಿರುತ್ತದೆ. ಆ ಉಬ್ಬು ಲೆಕ್ಕಕ್ಕೆ ಸಿಕ್ಕಿಲ್ಲ. 5 ಸೆಕೆಂಡಿಗೊಮ್ಮೆ ಓದಿದರೆ ಕೊರತೆ ಕಮ್ಮಿಯಾಗುತ್ತದೆ. ಪಟ್ಟಿಗಳನ್ನು ಕೂದಲೆಳೆಗಿಂತ ತೆಳ್ಳಗೆ, ಇನ್ನೂ ತೆಳ್ಳಗೆ ಮಾಡುತ್ತಾ ಹೋಗಿ. ಅದೇ ಇಂಟಿಗ್ರೇಷನ್, ಪುಸ್ತಕದ ಮಾತಲ್ಲಿ ಅನುಕಲನ.

ನಮ್ಮ ಏಳು ಅಂಕಿಗಳನ್ನೂ ಸೆಕೆಂಡಿಗೆ ಮೀಟರ್ ಲೆಕ್ಕಕ್ಕೆ ಇಳಿಸಿದರೆ ಹೊಂದುವ ಸೂತ್ರ ಸಿಕ್ಕಿತು: ವೇಗ = ಕಾ − ಕಾ²/60. 'ಕಾ' ಅಂದರೆ ಹೊರಟ ಮೇಲಿನ ಸೆಕೆಂಡು. ಅನುಕಲಿಸಿದರೆ ಕಾ²/2 − ಕಾ³/180. ಕಾ = 60 ಹಾಕಿ: 1800 − 1200 = 600 ಮೀಟರ್. ಕಾ = 0 ಹಾಕಿದರೆ ಸೊನ್ನೆ, ಕಳೆಯೋಕೇನೂ ಇಲ್ಲ.

ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಚಹಾ ಅಂಗಡಿ ದಾಟಿ ನಿಲ್ಲಿಸಿದ್ದೆ. ಸ್ಕೂಟರನ್ನು ಕಾಲಲ್ಲೇ ಹಿಂದಕ್ಕೆ ತಳ್ಳಿದೆ, ಸೆಕೆಂಡಿಗೆ 1 ಮೀಟರಿನಂತೆ 20 ಸೆಕೆಂಡು. ಈಗ ವೇಗ −1. ಸುಮ್ನೆ ಅನುಕಲಿಸಿದರೆ 600 − 20 = 580. ಅದು ಮರದಿಂದ ಅಂಗಡಿಗಿರುವ ದೂರ. ಸ್ಕೂಟರ್ ಓಡಾಡಿದ ದೂರ ಬೇಕಾದರೆ ಹಿಂದೆ ಬಂದ ತುಂಡನ್ನು ಬೇರೆ ಮಾಡಿ, ಮೈನಸ್ ತೆಗೆದು ಕೂಡಿಸಿ: 620.

"ಮುಂದ ನೋಡಿ ನಿಲ್ಸಿದ್ರ ಈ ಲೆಕ್ಕ ಇರ್ತಿರ್ಲಿಲ್ಲ ಮಾಮಾ" ಅಂದಳು, ಮಿರ್ಚಿ ಕಡಿಯುತ್ತಾ.