ಏಳನೇ ತರಗತಿಯ ಮಕ್ಕಳು ಇಂಗ್ಲಿಷ್ ಓದಿ ಬರೆಯುವಂತೆ ಮಾಡುವುದು ಹೇಗೆ?

ಮೂರನೇ ತರಗತಿಯಲ್ಲಿ ಕೈಕಾಲು ಕುಣಿಸಿ ಇಂಗ್ಲಿಷ್ ರೈಮ್ಸ್ ಹಾಡುತ್ತಿದ್ದ ಮಗುವೇ ಏಳನೇ ತರಗತಿಗೆ ಬರುವಾಗ ಇಂಗ್ಲಿಷ್ ಪೀರಿಯಡ್‌ನಲ್ಲಿ ತಲೆ ಬಗ್ಗಿಸಿ ಕೂರುತ್ತದೆ. ಬುದ್ಧಿ ಕಡಿಮೆಯಾಗಿ ಅಲ್ಲ. ಪಕ್ಕದಲ್ಲಿ ಕೂತವರು ಏನಂದುಕೊಳ್ಳುತ್ತಾರೆ ಎನ್ನುವುದೇ ದೊಡ್ಡದಾಗಿ ಕಾಣುವ ಪ್ರಾಯ ಅದು. ಒಂದು ಸಲ ತಪ್ಪು ಹೇಳಿ ಇಡೀ ಕ್ಲಾಸು ನಕ್ಕರೆ ಮುಗಿಯಿತು, ಆ ವರ್ಷ ಮತ್ತೆ ಬಾಯಿ ತೆರೆಯುವುದಿಲ್ಲ.

ನಮ್ಮ ಮಂಗಳೂರು, ಉಡುಪಿ ಕಡೆಯ ಕನ್ನಡ ಮಾಧ್ಯಮದ ಮಕ್ಕಳನ್ನೇ ನೋಡಿ. ಮನೆಯಲ್ಲಿ ತುಳು, ಕೊಂಕಣಿ ಅಥವಾ ಬ್ಯಾರಿ, ಕುಂದಾಪುರ ಕಡೆಯಾದರೆ ಕುಂದಾಪ್ರ ಕನ್ನಡ. ಶಾಲೆಯಲ್ಲಿ ಪುಸ್ತಕದ ಕನ್ನಡ, ಜೊತೆಗೆ ಹಿಂದಿ. ಬಸ್ಸಿನಲ್ಲಿ ಕಂಡಕ್ಟರ್ ಹತ್ತಿರ ಒಂದು ಭಾಷೆ, ಅಂಗಡಿಯಲ್ಲಿ ಇನ್ನೊಂದು. ತುಳುವಿನ ವ್ಯಾಕರಣವನ್ನು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ, ಕೇಳಿ ಕೇಳಿ ಮಾತನಾಡಿ ಕಲಿತದ್ದು. ಇಷ್ಟೆಲ್ಲ ನಿಭಾಯಿಸುವ ಮಗುವಿಗೆ ಇಂಗ್ಲಿಷ್ ಮಾತ್ರ ಆಗುವುದಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಆಗುತ್ತದೆ. ಆದರೆ ಮಗುವಿಗೆ ಆಗಲೇ ಗೊತ್ತಿರುವ ಭಾಷೆಯನ್ನು, ಗೊತ್ತಿರುವ ಲೋಕವನ್ನು ಕ್ಲಾಸಿನ ಹೊರಗೆ ಇಡಬಾರದು, ಅಲ್ಲಿಂದಲೇ ಶುರು ಮಾಡಬೇಕು. ಶಿಕ್ಷಕರು ಮತ್ತು ಹೆತ್ತವರು ಮಾಡಬಹುದಾದದ್ದನ್ನು ಹಂತ ಹಂತವಾಗಿ ಹೇಳುತ್ತೇನೆ.

ಮೊದಲ ಕೆಲಸ: ನಗು ನಿಲ್ಲಿಸಿ

ವರ್ಷದ ಮೊದಲ ವಾರವೇ ಒಂದು ನಿಯಮ ಹೇಳಿ. ಇನ್ನೊಬ್ಬರ ಇಂಗ್ಲಿಷಿಗೆ ಯಾರೂ ನಗುವಂತಿಲ್ಲ. ಇಂಗ್ಲಿಷಿನಲ್ಲಿ ಶುರು ಮಾಡಿದ ವಾಕ್ಯವನ್ನು ಕನ್ನಡದಲ್ಲೋ ತುಳುವಿನಲ್ಲೋ ಮುಗಿಸಿದರೆ ಅದು ತಪ್ಪಲ್ಲ. 'ಇಂಗ್ಲಿಷ್ ಬಿಟ್ಟು ಬೇರೆ ಮಾತನಾಡಿದರೆ ಫೈನ್' ಎನ್ನುವ ಪದ್ಧತಿ ಎಲ್ಲಾದರೂ ಇದ್ದರೆ ದಯವಿಟ್ಟು ಬಿಟ್ಟುಬಿಡಿ. ಅದರಿಂದ ಮಕ್ಕಳು ಇಂಗ್ಲಿಷ್ ಕಲಿಯುವುದಿಲ್ಲ, ಸುಮ್ಮನಿರುವುದನ್ನು ಕಲಿಯುತ್ತಾರೆ.

ಓದು: ಸುಲಭದ್ದು, ಜಾಸ್ತಿ, ದಿನಾಲೂ

ಪಠ್ಯಪುಸ್ತಕ ಒಂದರಿಂದಲೇ ಓದು ಬರುವುದಿಲ್ಲ. ಏಳನೇ ತರಗತಿಯ ಪಾಠ ಎಷ್ಟೋ ಮಕ್ಕಳಿಗೆ ಕಷ್ಟ. ಸಾಲಿಗೆ ಎರಡು ಗೊತ್ತಿಲ್ಲದ ಪದ ಬಂದರೆ ದೊಡ್ಡವರಾದ ನಾವೂ ಪುಸ್ತಕ ಮುಚ್ಚಿಡುತ್ತೇವೆ, ಅಲ್ವಾ? ಹಾಗಾಗಿ ಪಾಠ ಪಾಠದಷ್ಟಕ್ಕೆ ನಡೆಯಲಿ, ಪಕ್ಕದಲ್ಲಿ ಸುಲಭದ ಕಥೆ ಪುಸ್ತಕಗಳ ಓದು ಬೇರೆಯೇ ನಡೆಯಬೇಕು.

ಪುಸ್ತಕ ಆರಿಸಲು ಬೆರಳು ಸಾಕು. ಮಗು ಯಾವುದಾದರೂ ಒಂದು ಪುಟ ತೆರೆದು ಓದಲಿ, ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಮಡಚಲಿ. ಪುಟ ಮುಗಿಯುವಾಗ ಒಂದೋ ಎರಡೋ ಬೆರಳು ಮಡಚಿದ್ದರೆ ಆ ಪುಸ್ತಕ ಸರಿ. ಐದೂ ಮಡಚಿಹೋದರೆ ಅದನ್ನು ಮುಂದಕ್ಕೆ ಇಟ್ಟುಕೊಳ್ಳಲಿ. ಏಳನೇ ತರಗತಿಯ ಮಗು ಎರಡನೇ ತರಗತಿ ಮಟ್ಟದ ಪುಸ್ತಕ ಆರಿಸಿದರೂ ಪರವಾಗಿಲ್ಲ. 'ಇದು ಸಣ್ಣ ಮಕ್ಕಳದ್ದು' ಎಂದು ಮಾತ್ರ ಹೇಳಬೇಡಿ.

ಪುಸ್ತಕಕ್ಕೆ ದುಡ್ಡೆಲ್ಲಿ ಎಂದು ಕೇಳುವವರು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ಜಾಲತಾಣ ನೋಡಬೇಕು. 2015ರಿಂದ ಇದೆ. ಕಥೆಗಳನ್ನು ಓದುವ ಮಟ್ಟಕ್ಕೆ ತಕ್ಕಂತೆ ವಿಂಗಡಿಸಿದ್ದಾರೆ, ಉಚಿತವಾಗಿ ಇಳಿಸಿಕೊಂಡು ಪ್ರಿಂಟ್ ತೆಗೆಯಬಹುದು. ನನಗೆ ಅದರಲ್ಲಿ ತುಂಬ ಇಷ್ಟವಾದದ್ದೆಂದರೆ ಎಷ್ಟೋ ಕಥೆಗಳು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಇವೆ. ಮೊದಲು ಕನ್ನಡದಲ್ಲಿ ಓದಲಿ, ಕಥೆ ತಲೆಯಲ್ಲಿ ಕೂತ ಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಓದಿದರೆ ಅರ್ಧ ಪದಗಳನ್ನು ಮಗು ತಾನೇ ಊಹಿಸುತ್ತದೆ, ಆ ಊಹೆ ಸರಿಯಾದಾಗ ಬರುವ ಖುಷಿಯನ್ನು ಡಿಕ್ಷನರಿ ಕೊಡುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಂಥಾಲಯವನ್ನೂ ಮರೆಯಬೇಡಿ. ಈಗ ಅದಕ್ಕೆ ಅರಿವು ಕೇಂದ್ರ ಎನ್ನುತ್ತಾರೆ. ಒಂದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋಗಿ ಸದಸ್ಯರನ್ನಾಗಿ ಮಾಡಿಸಿ.

ದಿನಕ್ಕೆ ಹದಿನೈದು ನಿಮಿಷ ಸಾಕು, ಆದರೆ ದಿನಾಲೂ ಆಗಬೇಕು. ಆ ಹದಿನೈದು ನಿಮಿಷ ಟೀಚರ್ ಕೂಡ ಒಂದು ಪುಸ್ತಕ ಹಿಡಿದು ಓದಬೇಕು, ನೋಟ್ಸ್ ತಿದ್ದುತ್ತಾ ಕೂರಬಾರದು. ಓದಿದ್ದಕ್ಕೆ ಪ್ರಶ್ನೆ ಪತ್ರಿಕೆ ಕೊಡಬೇಡಿ. 'ಯಾವ ಜಾಗ ಇಷ್ಟವಾಯಿತು?' ಎಂದು ಕೇಳಿ, ಯಾವ ಭಾಷೆಯಲ್ಲಿ ಹೇಳಿದರೂ ಕೇಳಿಸಿಕೊಳ್ಳಿ.

ಗಟ್ಟಿಯಾಗಿ ಓದಿಸುವುದಾದರೆ ಒಬ್ಬೊಬ್ಬರನ್ನೇ ಎಬ್ಬಿಸಿ ನಿಲ್ಲಿಸಬೇಡಿ. ನಮ್ಮ ತಾಳಮದ್ದಳೆಯ ಹಾಗೆ ಮಾಡಿ. ವೇಷ ಬೇಡ, ರಂಗಸ್ಥಳ ಬೇಡ, ಕೂತಲ್ಲಿಂದಲೇ ಒಬ್ಬ ರಾಜ, ಒಬ್ಬಳು ನರಿ, ಇನ್ನೊಬ್ಬ ಮುದುಕ ಎಂದು ಮಾತು ಹಂಚಿಕೊಂಡು ಓದಲಿ. ಮೊದಲು ಜೋಡಿಯಾಗಿ ಎರಡು ಸಲ ಅಭ್ಯಾಸ, ಆಮೇಲೆ ಎಲ್ಲರ ಎದುರು. ಪಾತ್ರದ ಮಾತು ಎಂದ ಕೂಡಲೇ ಮಕ್ಕಳಿಗೆ ಧೈರ್ಯ ಬರುತ್ತದೆ, ಏಕೆಂದರೆ ತಪ್ಪಿದರೆ ತಪ್ಪಿದ್ದು ನರಿ!

ಇಂಗ್ಲಿಷ್ ಬಾರದ ಹೆತ್ತವರು ಏನು ಮಾಡಬಹುದು?

'ನಮಗೇ ಬರುವುದಿಲ್ಲ, ಹೇಗೆ ಹೇಳಿಕೊಡುವುದು ಟೀಚರ್?' ಮೀಟಿಂಗಿಗೆ ಬಂದ ಅಮ್ಮಂದಿರು ಹೀಗೆ ಕೇಳುವಾಗ ಅವರ ದನಿಯಲ್ಲಿ ಒಂದು ನಾಚಿಕೆ ಇರುತ್ತದೆ. ಅದು ಬೇಡವೇ ಬೇಡ. ನೀವು ಹೇಳಿಕೊಡಬೇಕಾಗಿಲ್ಲ, ಕೇಳಬೇಕು ಅಷ್ಟೆ. ಸಂಜೆ ನೀವು ಬೀಡಿ ಕಟ್ಟುವಾಗಲೋ ಅಡುಗೆ ಮಾಡುವಾಗಲೋ ಮಗು ಪಕ್ಕದಲ್ಲಿ ಕೂತು ಒಂದು ಪುಟ ಗಟ್ಟಿಯಾಗಿ ಓದಲಿ, ಆಮೇಲೆ ಅದರ ಕಥೆಯನ್ನು ತುಳುವಿನಲ್ಲಿ ನಿಮಗೆ ಹೇಳಲಿ. ನಿಮಗೆ ಅರ್ಥವಾಗುವ ಹಾಗೆ ಹೇಳಬೇಕಾದರೆ ಅದು ಮೊದಲು ಸರಿಯಾಗಿ ಅರ್ಥ ಮಾಡಿಕೊಳ್ಳಲೇಬೇಕು. 'ಮತ್ತೆ ಏನಾಯ್ತು?' ಎಂದು ನೀವು ಕೇಳುವ ಒಂದು ಪ್ರಶ್ನೆಗೆ ಟ್ಯೂಷನ್ನಿಗಿಂತ ಜಾಸ್ತಿ ಶಕ್ತಿ ಇದೆ ಎಂದು ನಾನು ನಂಬಿದ್ದೇನೆ.

ಬರವಣಿಗೆ: ಕೆಂಪು ಪೆನ್ನು ಪಕ್ಕಕ್ಕಿಡಿ

ಬೋರ್ಡಿನಿಂದ ಕಾಪಿ ಮಾಡುವುದು, ಗೈಡ್ ನೋಡಿ ಉತ್ತರ ಇಳಿಸುವುದು, ಇದು ಬರವಣಿಗೆ ಅಲ್ಲ. ಅಕ್ಷರ ದುಂಡಗಾಗುತ್ತದೆ, ಅಷ್ಟೇ.

ಎಲ್ಲರಿಗೂ ಒಂದು ತೆಳ್ಳಗಿನ ನೋಟ್‌ಬುಕ್ ಕೊಡಿಸಿ. ದಿನಕ್ಕೆ ಮೂರು ಸಾಲು. ವಿಷಯ ಏನಾದರೂ ಆಗಬಹುದು: ನಿನ್ನೆಯ ಕ್ರಿಕೆಟ್, ಮನೆಯ ದನ ಕರು ಹಾಕಿದ್ದು, ಜೋರು ಮಳೆಗೆ ಡಿಸಿ ರಜೆ ಕೊಟ್ಟ ದಿನ ಏನು ಮಾಡಿದೆ ಎನ್ನುವುದು. ಇಂಗ್ಲಿಷ್ ಪದ ಗೊತ್ತಿಲ್ಲದಿದ್ದರೆ ಆ ಪದವನ್ನು ಕನ್ನಡದಲ್ಲೇ ಬರೆದು ಮುಂದೆ ಹೋಗಲಿ. ಟೀಚರ್ ಅದಕ್ಕೆ ಮಾರ್ಕು ಕೊಡುವುದಿಲ್ಲ, ಉತ್ತರ ಬರೆಯುತ್ತಾರೆ. ಮಗು 'ಯೆಸ್ಟರ್‌ಡೇ ಐ ಗೋ ಟು ಮಲ್ಪೆ' ಎಂದು ಬರೆದರೆ ಅದನ್ನು ಹೊಡೆದು ಹಾಕಬೇಡಿ. ಕೆಳಗೆ 'ಓ, ಯು ವೆಂಟ್ ಟು ಮಲ್ಪೆ! ವಾಟ್ ಡಿಡ್ ಯು ಸೀ ದೇರ್?' ಎಂದು ಬರೆಯಿರಿ. ಸರಿಯಾದ ರೂಪ ಅದರ ಕಣ್ಣಿಗೆ ಬಿತ್ತು, ಮನಸ್ಸಿಗೆ ನೋವಾಗಲಿಲ್ಲ, ಮರುದಿನ ಉತ್ತರ ಬರೆಯಲು ಒಂದು ಕಾರಣವೂ ಸಿಕ್ಕಿತು.

ನಲವತ್ತು ಮಕ್ಕಳ ಪುಸ್ತಕ ದಿನಾ ನೋಡಲು ಯಾರಿಂದಲೂ ಆಗುವುದಿಲ್ಲ. ದಿನಕ್ಕೆ ಎಂಟು ನೋಡಿ, ಸೋಮವಾರದಿಂದ ಶುಕ್ರವಾರದೊಳಗೆ ಎಲ್ಲರಿಗೂ ಒಂದು ಸಲ ನಿಮ್ಮ ಉತ್ತರ ಸಿಗುತ್ತದೆ.

ಹಾಗಾದರೆ ತಪ್ಪು ತಿದ್ದುವುದೇ ಬೇಡವಾ? ಬೇಕು, ಒಂದು ಸಲಕ್ಕೆ ಒಂದೇ ಬಗೆಯದ್ದು. ಈ ಹದಿನೈದು ದಿನ ಭೂತಕಾಲ ಮಾತ್ರ. ಮುಂದಿನ ಹದಿನೈದು ದಿನ ಬಹುವಚನದ 'ಎಸ್'. ಆಮೇಲೆ ಪದಗಳ ಕ್ರಮ. ಇದು ನಮ್ಮ ಮಕ್ಕಳಿಗೆ ನಿಜವಾಗಿಯೂ ತೊಡಕಿನದು, ಯಾಕೆಂದರೆ ಕನ್ನಡ, ತುಳು, ಕೊಂಕಣಿ, ಹಿಂದಿ ಎಲ್ಲದರಲ್ಲೂ ಕ್ರಿಯಾಪದ ಸಾಮಾನ್ಯವಾಗಿ ಕೊನೆಗೆ ಬರುತ್ತದೆ, ಇಂಗ್ಲಿಷಿನಲ್ಲಿ ಮಾತ್ರ ಕರ್ತೃವಿನ ಹಿಂದೆಯೇ ಬಂದು ನಿಲ್ಲುತ್ತದೆ. ಪದಗಳನ್ನು ಚೀಟಿಯಲ್ಲಿ ಬರೆದು ಮಕ್ಕಳ ಕೈಗೆ ಕೊಟ್ಟು ಸಾಲಾಗಿ ನಿಲ್ಲಿಸಿ, ಕನ್ನಡದ ಕ್ರಮ ಒಮ್ಮೆ, ಇಂಗ್ಲಿಷಿನ ಕ್ರಮ ಒಮ್ಮೆ. ಕ್ರಿಯಾಪದದ ಚೀಟಿ ಹಿಡಿದವನು ಜಾಗ ಬದಲಿಸಿ ಓಡುವುದನ್ನು ನೋಡಿದ ಮಕ್ಕಳಿಗೆ ಮತ್ತೆ ವಿವರಣೆ ಬೇಕಾಗುವುದಿಲ್ಲ. ಆಯಾ ಹದಿನೈದು ದಿನದ ತಪ್ಪು ಬಿಟ್ಟು ಉಳಿದದ್ದನ್ನು ಕಂಡರೂ ಸುಮ್ನೆ ಇರಿ. ಕಷ್ಟ, ಗೊತ್ತು. ಆದರೂ ಇರಿ.

ಪ್ರಾಜೆಕ್ಟ್: ಊರಿನ ವಿಷಯ, ಮಕ್ಕಳ ಕೈ

ಸ್ಟೇಷನರಿ ಅಂಗಡಿಯಿಂದ ರೆಡಿಮೇಡ್ ಚಾರ್ಟ್ ತಂದು ಅಂಟಿಸುವುದು, ಅಪ್ಪ ರಾತ್ರಿ ಕೂತು ಥರ್ಮಾಕೋಲ್ ಕತ್ತರಿಸುವುದು, ಇದರಿಂದ ಮಗುವಿಗೆ ಒಂದು ವಾಕ್ಯವೂ ಬರುವುದಿಲ್ಲ. ಮಗು ತಾನೇ ಹೋಗಿ ಕೇಳಿ ತಿಳಿಯಬಹುದಾದ ವಿಷಯ ಕೊಡಿ. ನಮ್ಮಲ್ಲಿ ಅದಕ್ಕೇನು ಕಡಿಮೆ?

ಶಾಲೆ ಶುರುವಾಗುವ ಹೊತ್ತಿಗೇ ಮಾಡಬಹುದಾದದ್ದು ಮೀನುಗಾರಿಕೆ. ಜೂನ್ 1ರಿಂದ ಜುಲೈ 31ರವರೆಗೆ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಮಲ್ಪೆಯಲ್ಲೂ ಮಂಗಳೂರಿನ ಬಂದರಿನಲ್ಲೂ ಬೋಟುಗಳು ಸಾಲಾಗಿ ನಿಂತಿರುತ್ತವೆ, ಬಲೆ ರಿಪೇರಿ ನಡೆಯುತ್ತಿರುತ್ತದೆ, ಮಾತನಾಡಲು ಜನರಿಗೆ ಸ್ವಲ್ಪ ಬಿಡುವೂ ಇರುತ್ತದೆ. ಮಕ್ಕಳು ಮನೆಯ ಹತ್ತಿರದ ಮೀನುಗಾರರನ್ನೋ ಮೀನು ಮಾರುವ ಅಕ್ಕನನ್ನೋ ಕೇಳಲಿ. ಬೋಟು ಯಾಕೆ ಹೋಗುವುದಿಲ್ಲ? ಮಳೆಗಾಲದಲ್ಲಿ ಹಲವು ಮೀನು ಮೊಟ್ಟೆ ಇಡುತ್ತವೆ, ಕಡಲೂ ಒರಟು. ಈ ಎರಡು ತಿಂಗಳು ಮನೆ ಹೇಗೆ ನಡೆಯುತ್ತದೆ? ಬಂಗುಡೆ, ಬೂತಾಯಿ, ಅಂಜಲ್‌ಗೆ ಇಂಗ್ಲಿಷಿನಲ್ಲಿ ಏನು?

ಮಾಡುವ ಕ್ರಮ ಹೀಗೆ. ಪ್ರಶ್ನೆಗಳನ್ನು ಕ್ಲಾಸಿನಲ್ಲಿ ಒಟ್ಟಿಗೆ ತಯಾರಿಸಿ. ಸಂದರ್ಶನ ತುಳುವಿನಲ್ಲೇ, ಬ್ಯಾರಿಯಲ್ಲೇ ಆಗಲಿ. ಟಿಪ್ಪಣಿ ಕನ್ನಡದಲ್ಲಿ. ಇಂಗ್ಲಿಷ್ ಬರುವುದು ಕೊನೆಗೆ, ಗುಂಪಿನಲ್ಲಿ ಕೂತು, ಟೀಚರ್ ಕೊಟ್ಟ ನಾಲ್ಕೈದು ವಾಕ್ಯದ ಆರಂಭಗಳ ಸಹಾಯದಿಂದ: 'ವಿ ಆಸ್ಕ್‌ಡ್…', 'ಹಿ ಟೋಲ್ಡ್ ಅಸ್ ದ್ಯಾಟ್…', 'ವಿ ಡಿಡ್ ನಾಟ್ ನೋ ದ್ಯಾಟ್…'. ಹೀಗೆ ಮಾಡಿದರೆ ಇಂಗ್ಲಿಷಿನಲ್ಲಿ ಹಿಂದಿರುವ ಹುಡುಗನೇ ಗುಂಪಿನ ಮುಖ್ಯ ಸಂದರ್ಶಕ ಆಗಬಹುದು, ಏಕೆಂದರೆ ಬಂದರಿನಲ್ಲಿ ಚಂದ ಮಾತನಾಡಲು ಬರುವುದು ಅವನಿಗೆ. ಬಾಗಲಕೋಟೆ, ಕೊಪ್ಪಳ ಕಡೆಯಿಂದ ಕೆಲಸಕ್ಕೆ ಬಂದವರ ಮಕ್ಕಳೂ ನಮ್ಮ ಶಾಲೆಗಳಲ್ಲಿ ಇದ್ದಾರೆ, ಅವರಿಗೆ ತುಳು ಬಾರದು. ಅವರನ್ನು ಬರೆಯುವ ಮೂಲೆಗೆ ತಳ್ಳಬೇಡಿ. ತಮ್ಮ ಊರಿನ ರೊಟ್ಟಿಯ ಬಗ್ಗೆಯೋ ಜೋಳದ ಹೊಲದ ಬಗ್ಗೆಯೋ ಅವರೇ ಒಂದು ಪ್ರಾಜೆಕ್ಟ್ ನಡೆಸಲಿ, ಕರಾವಳಿಯ ಮಕ್ಕಳು ಪ್ರಶ್ನೆ ಕೇಳಲಿ.

ಕಾಪು ಬಳಿಯ ಶಂಕರಪುರದ ಸುತ್ತಮುತ್ತ ಆದರೆ ಮಲ್ಲಿಗೆ ಇದೆ. ಕಟ್ಟಿದ ಹೂವಿನ ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಅಟ್ಟೆಯ ದರ ದಿನಾ ಬದಲಾಗುತ್ತದೆ, ಮನೆಯಲ್ಲಿ ಹೂ ಕಟ್ಟುವ ಮಕ್ಕಳಿಗೆ ಇದು ಬಾಯಿಪಾಠ. ಒಂದು ತಿಂಗಳ ದರ ಬರೆದಿಟ್ಟು ಗ್ರಾಫ್ ಮಾಡಲಿ, ದರ ಏರಿದ ದಿನ ಯಾಕೆ ಏರಿತು ಎಂದು ಎರಡು ಸಾಲು ಇಂಗ್ಲಿಷಿನಲ್ಲಿ ಬರೆಯಲಿ. ಗಣಿತದ ಟೀಚರನ್ನೂ ಸೇರಿಸಿಕೊಳ್ಳಿ. 2011ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ಮಟ್ಟುಗುಳ್ಳ ಬದನೆ ಇನ್ನೊಂದು ಒಳ್ಳೆಯ ವಿಷಯ. ಮಳೆ ಅಳೆಯುವುದು ಎಲ್ಲ ಶಾಲೆಗೂ ಆಗುತ್ತದೆ: ಬಾಟಲಿ ಕತ್ತರಿಸಿ, ಸ್ಕೇಲ್ ಅಂಟಿಸಿ, ದಿನಾ ಬೆಳಿಗ್ಗೆ ಒಂದು ಸಾಲು. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಬರೆಯಲು ವಿಷಯ ಇಲ್ಲ ಎನ್ನುವ ಹಾಗಿಲ್ಲ.

ಸ್ವಲ್ಪ ಮುಂದಿರುವ ಎಂಟನೇ ತರಗತಿಯವರು ಪ್ರವಾಸಿಗರಿಗಾಗಿ ಸೇಂಟ್ ಮೇರೀಸ್ ದ್ವೀಪದ ಬಗ್ಗೆ ಇಂಗ್ಲಿಷ್ ಕರಪತ್ರ ಬರೆಯಲಿ. ಲಾವಾ ತಣ್ಣಗಾಗಿ ಕಂಬಗಳ ಹಾಗೆ ನಿಂತ ಆ ಬಂಡೆಗಳು ಹೇಗಾದವು, ಮಳೆಗಾಲದಲ್ಲಿ ಮಲ್ಪೆಯಿಂದ ದೋಣಿ ಯಾಕೆ ಬಿಡುವುದಿಲ್ಲ, ಅಲ್ಲಿ ಕಸ ಯಾಕೆ ಹಾಕಬಾರದು. ಓದುವವರು ನಿಜವಾಗಿ ಇದ್ದಾರೆ ಎಂದು ಗೊತ್ತಾದರೆ ಮಕ್ಕಳು ತಾವೇ ಎರಡು ಮೂರು ಸಲ ತಿದ್ದಿ ಬರೆಯುತ್ತಾರೆ.

ಮೊಬೈಲಿನಲ್ಲಿ ಅನುವಾದ ಮಾಡಿಕೊಂಡು ಬಂದರೆ? ಬರುತ್ತಾರೆ, ಬೈಯಬೇಡಿ. ಮೊದಲು ತಮ್ಮದೇ ವಾಕ್ಯ ಪೆನ್ನಿನಲ್ಲಿ ಬರೆಯಲಿ, ಆಮೇಲೆ ಮೊಬೈಲಿನದ್ದನ್ನು ಪಕ್ಕದಲ್ಲಿಟ್ಟು ಎಲ್ಲಿ ವ್ಯತ್ಯಾಸ ಎಂದು ಗುರುತು ಹಾಕಲಿ. ಎರಡೂ ಪ್ರಾಜೆಕ್ಟಿನಲ್ಲಿ ಇರಲಿ.

ಮಾರ್ಕು ಕೊಡುವಾಗ

ಹತ್ತರಲ್ಲಿ ನಾಲ್ಕು ಮಾಹಿತಿ ಸಂಗ್ರಹಿಸಿದ್ದಕ್ಕೆ, ಮೂರು ಬರೆದದ್ದಕ್ಕೆ, ಎರಡು ಬೇರೆ ಗುಂಪಿನವರ ಪ್ರಶ್ನೆಗೆ ಇಂಗ್ಲಿಷಿನಲ್ಲಿ ಒಂದೆರಡು ಮಾತು ಉತ್ತರ ಕೊಟ್ಟದ್ದಕ್ಕೆ, ಒಂದು ಮೊದಲ ಪ್ರತಿಯನ್ನು ತಿದ್ದಿ ಬರೆದದ್ದಕ್ಕೆ. ಚಾರ್ಟಿನ ಮಿಂಚು, ಬಣ್ಣದ ಅಂಚು ಇವಕ್ಕೆ ಮಾರ್ಕಿಲ್ಲ ಎಂದು ಮೊದಲೇ ಹೇಳಿಬಿಡಿ, ಹೆತ್ತವರಿಗೂ ಹೇಳಿ. ಮುಗಿದ ಪ್ರಾಜೆಕ್ಟನ್ನು ಸ್ಟಾಫ್ ರೂಮಿನ ಕಪಾಟಿನಲ್ಲಿ ಇಡುವ ಬದಲು ಒಂದು ತಿಂಗಳು ಅರಿವು ಕೇಂದ್ರದ ಗೋಡೆಗೆ ಹಾಕಿಸಿ, ಮಾತನಾಡಿಸಿದ ಮೀನುಗಾರರನ್ನೂ ಹೂವಿನ ಅಮ್ಮಂದಿರನ್ನೂ ಕರೆಯಿರಿ. ಬರೆದದ್ದರಲ್ಲಿ ಏನಿದೆ ಎಂದು ಮಕ್ಕಳೇ ಅವರಿಗೆ ತುಳುವಿನಲ್ಲಿ ಓದಿ ಹೇಳಲಿ.