ಖಾನಾವಳಿಗೆ ಕೆಲಸದವರು ಬೇಕೇ? ಅಡ್ಡಹೆಸರು ಕೇಳಬೇಡಿ, ರೊಟ್ಟಿ ತಟ್ಟಿಸಿ ನೋಡಿ

ವಿಜಯಪುರದ ಹೋಟೆಲ್, ಖಾನಾವಳಿಗಳಿಗೆ ಹಾಜರಿ ಪುಸ್ತಕ, ಪಗಾರ ಪಟ್ಟಿ ಬರೆದುಕೊಡುವುದು ನನ್ನ ಕೆಲಸ. ಲೆಕ್ಕದಲ್ಲಿ ತಪ್ಪುವ ಮಾಲೀಕರು ಕಡಿಮೆ. ಆಳು ತಗೊಳ್ಳುವಾಗ ಆಡುವ ಎರಡು ಮಾತು, ದೂರು ಬಂದ ದಿನ ಮಾಡುವ ಅವಸರ, ಎಡವುವುದು ಇವೆರಡರಲ್ಲೇ. ಅದನ್ನು ನೋಡಿ ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ.

ಹಂತ 1: ಯಾರನ್ನೂ ನೋಡುವ ಮುಂಚೆ ಕೆಲಸ ಏನು ಅಂತ ಬರೆಯಿರಿ. ಎಷ್ಟು ರೊಟ್ಟಿ, ಎಷ್ಟು ತಾಸು, ಎಷ್ಟು ಪಗಾರ, ಯಾವತ್ತು ರಜೆ. "ಅಡುಗೆಗೆ ಗಂಡಾಳು, ಮುಸುರೆಗೆ ಹೆಣ್ಣಾಳು" ಅಂತ ಬರೆಯಬೇಡಿ. ಕೆಲಸ ಒಂದೇ ತೂಕದ್ದಾದರೆ ಪಗಾರವೂ ಒಂದೇ. 1976ರ ಸಮಾನ ವೇತನ ಕಾಯ್ದೆಯಲ್ಲಿದ್ದ ಈ ಮಾತು 2019ರ ವೇತನ ಸಂಹಿತೆಯಲ್ಲೂ ಇದೆ.

ಹಂತ 2: ಮಾತುಕತೆ. ನಮ್ಮ ಕಡೆ ಗಲ್ಲಾದ ಮೇಲೆ ಕೂತವರ ಮೊದಲ ಪ್ರಶ್ನೆ, "ಅಡ್ಡಹೆಸರು ಏನವಾ?" ಎರಡನೇದು, "ಯಾವ ಓಣಿ?" ಯಾಕೆ ಕೇಳುತ್ತಾರೆ ಅಂತ ಇಬ್ಬರಿಗೂ ಗೊತ್ತು. ಉತ್ತರ ಸಿಕ್ಕ ಮೇಲೆ, "ಅಡುಗಿ ಮನ್ಯಾಗ ಜಾಗ ಇಲ್ಲ, ತಾಟು ತೊಳಿಯಾಕ ಬೇಕಾದ್ರ ಬಾ" ಅಂದಿದ್ದನ್ನು ನಾನೇ ಕೇಳಿದ್ದೇನೆ. ಅಸ್ಪೃಶ್ಯತೆಯ ಕಾರಣಕ್ಕೆ ಕೆಲಸಕ್ಕೆ ಅಡ್ಡ ಬರುವುದು 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಪರಿಶಿಷ್ಟ ಜಾತಿ, ಪಂಗಡದವರನ್ನು ನಾಲ್ಕು ಜನರ ಮುಂದೆ ಜಾತಿ ಎತ್ತಿ ಬೈದರೆ 1989ರ ದೌರ್ಜನ್ಯ ತಡೆ ಕಾಯ್ದೆ ಬರುತ್ತದೆ. ಶಿಕ್ಷೆ 6 ತಿಂಗಳಿಂದ 5 ವರ್ಷ ಜೈಲು.

ಹೆಸರಿನ ಬದಲು ಕೈ ನೋಡಿ. ಬಂದವರಿಗೆಲ್ಲ ಒಂದೊಂದು ಕಿಲೋ ಜೋಳದ ಹಿಟ್ಟು ಕೊಡಿ. ತಟ್ಟುವಾಗ ಅಂಚು ಒಡೆಯುತ್ತದಾ, ಹಂಚಿನ ಮೇಲೆ ಹಾಕಿ ನೀರು ಸವರುವುದು ಸರಿಯಾದ ಹೊತ್ತಿಗಾ, ಎಷ್ಟು ರೊಟ್ಟಿ ಉಬ್ಬಿದವು, ಬರೆದಿಡಿ. ಆ ದಿನದ ಕೂಲಿ ಕೊಡಿ. ಆಧಾರ್ ಕಾರ್ಡ್ ಬೇಕಲ್ವಾ ಅನ್ನಬಹುದು. ಬೇಕು, ಆದರೆ ಕೆಲಸ ಗಟ್ಟಿಯಾದ ಮೇಲೆ. ಮದುವೆ ಯಾವಾಗ, ಮಕ್ಕಳು ಎಷ್ಟು ಅನ್ನುವುದು ನಿಮಗೆ ಬೇಡ.

ಹಂತ 3: ಆರೋಗ್ಯ ಪ್ರಮಾಣಪತ್ರ. ಅಡುಗೆ ಮುಟ್ಟುವವರಿಗೆ ವರ್ಷಕ್ಕೊಮ್ಮೆ ತಪಾಸಣೆ, ಟೈಫಾಯ್ಡ್ ಲಸಿಕೆ, ಇಷ್ಟು ಸಾಕು. ಲ್ಯಾಬ್‌ನವರು ತೋರಿಸುವ "ಹೋಟೆಲ್ ಪ್ಯಾಕೇಜ್" ತಗೊಳ್ಳಬೇಡಿ. ಕೆಲವದರಲ್ಲಿ ಎಚ್‌ಐವಿ ಪರೀಕ್ಷೆಯೂ ಸೇರಿರುತ್ತದೆ. ಕೆಲಸ ಕೊಡಲು ಆ ಪರೀಕ್ಷೆ ಕೇಳುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಎಚ್‌ಐವಿ ಊಟದಿಂದ ಹರಡುವುದೇ ಇಲ್ಲ.

ಹಂತ 4: ನೇಮಕದ ಪತ್ರ ಕೊಡಿ, ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಖಾಲಿ ಬಾಂಡ್ ಪೇಪರ್ ಮೇಲೆ ಸಹಿ ಹಾಕಿಸಿಕೊಳ್ಳುವ ಚಾಳಿ ಇದ್ದರೆ ಇವತ್ತೇ ಬಿಡಿ.

ಹಂತ 5: ದೂರು. ಇಲ್ಲಿ ನಿಧಾನಕ್ಕೆ ಓದಿ.

ಒಂದು ಹೋಟೆಲ್‌ನಲ್ಲಿ ರೊಟ್ಟಿ ಮಾಡುವಾಕೆ ಮಾಲೀಕರ ಹತ್ತಿರ ಬಂದು, ಸಾಮಾನು ಕೋಣೆಯಲ್ಲಿ ಅಡುಗೆಯವನು ಕೈ ಹಿಡಿದ ಅಂತ ಹೇಳಿದಳು. ಮಾಲೀಕರು ಇಬ್ಬರನ್ನೂ ಗಲ್ಲಾದ ಮುಂದೆ ಕರೆಸಿದರು. ಸಪ್ಲೈಯರ್‌ಗಳೆಲ್ಲ ನೋಡುತ್ತಿದ್ದರು. "ಹೌದೇನೋ?" ಅಂದರು. ಅವನು ಇಲ್ಲ ಅಂದ. "ಆತು, ಕೆಲಸ ನೋಡ್ರಿ." ಆಕೆ ಬೆರಳಿಗೆ ಮೆತ್ತಿದ್ದ ಹಿಟ್ಟನ್ನು ಸೆರಗಿಗೆ ಒರೆಸುತ್ತ ನಿಂತೇ ಇದ್ದಳು. ಮರುದಿನ ಬರಲಿಲ್ಲ. ನಾನು ಹಾಜರಿ ಪುಸ್ತಕದಲ್ಲಿ "ಬಿಟ್ಟರು" ಅಂತ ಬರೆದೆ. ಆ ಪದ ಇವತ್ತಿಗೂ ಚುಚ್ಚುತ್ತದೆ.

ಹೀಗಾಗಬಾರದು ಅಂತಲೇ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆ ಬಂದಿದ್ದು. 10 ಅಥವಾ ಹೆಚ್ಚು ಜನ ಇದ್ದರೆ ಆಂತರಿಕ ಸಮಿತಿ ಇರಲೇಬೇಕು. ದಿನಗೂಲಿಯವರು, ಗುತ್ತಿಗೆಯವರೂ ಲೆಕ್ಕಕ್ಕೆ ಬರುತ್ತಾರೆ. ಹಿರಿಯ ಮಹಿಳಾ ಸಿಬ್ಬಂದಿ ಅಧ್ಯಕ್ಷೆ, ಸಿಬ್ಬಂದಿಯಿಂದ ಕನಿಷ್ಠ ಇಬ್ಬರು, ಈ ವಿಷಯ ತಿಳಿದ ಹೊರಗಿನವರೊಬ್ಬರು, ಒಟ್ಟಿನಲ್ಲಿ ಅರ್ಧದಷ್ಟಾದರೂ ಹೆಂಗಸರು. ಇಂಟರ್ನೆಟ್‌ನಿಂದ ಇಳಿಸಿದ ನಮೂನೆಗೆ ಸುಮ್ನೆ ಸಹಿ ಹಾಕಬೇಡಿ. ಬೆಂಗಳೂರಿನ ಯಾವುದೋ ಕಂಪನಿಯ ಸದಸ್ಯರ ಹೆಸರು ಹಾಗೇ ಉಳಿದಿದ್ದನ್ನು ನೋಡಿದ್ದೇನೆ. ಸಮಿತಿ ಇಲ್ಲದಿದ್ದರೆ 50,000 ರೂಪಾಯಿವರೆಗೆ ದಂಡ. ಮತ್ತೆ ತಪ್ಪಿದರೆ ದಂಡ ಡಬಲ್, ಲೈಸೆನ್ಸ್‌ಗೂ ಕುತ್ತು. 10ಕ್ಕಿಂತ ಕಡಿಮೆ ಜನ ಇದ್ದರೆ ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬೇಕು. ದೂರು ಮಾಲೀಕರ ಮೇಲೇ ಇದ್ದರೂ ಅಲ್ಲಿಗೇ.

ದೂರು ಬಂದ ಕೂಡಲೇ ಆಕೆಯನ್ನು ಬೇರೆ ಕೋಣೆಯಲ್ಲಿ ಕೂರಿಸಿ. ಜೊತೆಗೆ ಸಮಿತಿಯ ಹೆಣ್ಣುಮಗಳು ಇರಲಿ. ಬರೆಯಲು ಬರದಿದ್ದರೆ ಸಮಿತಿಯವರೇ ನೆರವಾಗಿ ಬರೆಸಬೇಕು. ಬರೆದಿದ್ದನ್ನು ಆಕೆಯ ಮುಂದೆ ಓದಿ, ಆಮೇಲೆ ಸಹಿ ಅಥವಾ ಹೆಬ್ಬೆಟ್ಟು. ಘಟನೆ ನಡೆದ 3 ತಿಂಗಳೊಳಗೆ ದೂರು ಕೊಡಬೇಕು. ತಡವಾಗಿದ್ದಕ್ಕೆ ತಕ್ಕ ಕಾರಣ ಇದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು, ವರದಿ ಕೈಗೆ ಬಂದ 60 ದಿನದಲ್ಲಿ ನೀವು ಕ್ರಮ ತಗೊಳ್ಳಬೇಕು. ಅಲ್ಲಿಯವರೆಗೆ ಇಬ್ಬರ ಪಾಳಿ ಬೇರೆ ಮಾಡಲು ಆಕೆ ಬರೆದು ಕೇಳಿದರೆ, ಅವನ ಪಾಳಿ ಬದಲಿಸಿ. ಆಕೆಯನ್ನು ಎಬ್ಬಿಸಬೇಡಿ. "ಹತ್ತು ಸಾವಿರ ಕೊಟ್ಟು ಮುಗಿಸೋಣ" ಅನ್ನುವವರು ಜಾಸ್ತಿ. ಆಕೆ ತಾನಾಗಿ ಕೇಳಿದರೆ ರಾಜಿ ಮಾಡಿಸಬಹುದು, ಆದರೆ ದುಡ್ಡಿನ ಮೇಲೆ ರಾಜಿ ಮಾಡಿಸುವಂತಿಲ್ಲ. ಹೆಸರು ಹೊರಗೆ ಬರಬಾರದು, ಗಲ್ಲಾದಲ್ಲೂ ಮಾತು ಬೇಡ.

ಗಿರಾಕಿ ಕೆಣಕಿದರೂ ಕೆಲಸದಾಕೆಯನ್ನು ಕಾಯುವುದು ಮಾಲೀಕರ ಹೊಣೆ. ಬಾದಾಮಿಯ ಲಾಡ್ಜ್‌ಗಳಲ್ಲಿ ರೂಮು ಗುಡಿಸುವವರಿಗೆ ಇದನ್ನು ಬಾಯಿಬಿಟ್ಟು ಹೇಳಿ: "ಬಾಗಿಲು ತೆರೆದಿಟ್ಟು ಕೆಲಸ ಮಾಡು, ಹೆದರಿಕೆಯಾದರೆ ಅರ್ಧಕ್ಕೇ ಬಿಟ್ಟು ಬಾ, ಪಗಾರ ಕಟ್ ಆಗಲ್ಲ."

ಹಂತ 6: ಬೋರ್ಡ್. ಸಮಿತಿ ರಚಿಸಿದ ಆದೇಶವನ್ನು ಎದ್ದು ಕಾಣುವ ಕಡೆ ಹಾಕಬೇಕು ಅಂತ ಕಾಯ್ದೆಯೇ ಹೇಳುತ್ತದೆ. ಹೆಚ್ಚಿನವರು ಗಲ್ಲಾದ ಹಿಂದೆ, ದೇವರ ಫೋಟೋ ಪಕ್ಕ ತೂಗು ಹಾಕುತ್ತಾರೆ. ಅಲ್ಲಿ ನಿಂತು ಓದುವ ಧೈರ್ಯ ಯಾವ ಹೆಣ್ಣುಮಗಳಿಗಿದೆ? ಅಡುಗೆಮನೆಯ ಒಳಗೆ, ಚೀಲ ತೂಗುಹಾಕುವ ಮೊಳೆಯ ಪಕ್ಕ ಹಾಕಿ. ಕನ್ನಡದಲ್ಲಿ ದಪ್ಪ ಅಕ್ಷರ ಇರಲಿ. ಬೆಳಗಾವಿಯ ಖಡೇ ಬಜಾರ್ ಕಡೆಯಾದರೆ ಮರಾಠಿಯಲ್ಲೂ ಬರೆಸಿ. ಕೆಳಗೆ ಅಧ್ಯಕ್ಷೆಯ ಮೊಬೈಲ್ ನಂಬರ್ ದೊಡ್ಡದಾಗಿ ಇರಲಿ, ಓದಲು ಬರದವರೂ ಅಂಕಿ ನೋಡಿ ಒತ್ತುವ ಹಾಗೆ.