ಪೇಷೆಂಟ್ ಮನೆಗೆ ಕಾರಲ್ಲಿ ಹೋಗ್ತೀರಾ? ಪಾಲಿಸಿಯ ಈ ಸಾಲು ಓದಿಕೊಳ್ಳಿ

ನನ್ನದು ದಾವಣಗೆರೆಯಲ್ಲಿ ಮನೆಮನೆಗೆ ಹೋಗಿ ಫಿಸಿಯೋಥೆರಪಿ ಮಾಡಿಸುವ ಕೆಲಸ. ಬೆಳಿಗ್ಗೆ ಎಂಸಿಸಿ ಬಿ ಬ್ಲಾಕ್‌ನಲ್ಲಿ ಸ್ಟ್ರೋಕ್ ಆದ ಅಜ್ಜ, ಹನ್ನೊಂದಕ್ಕೆ ನಿಟುವಳ್ಳಿಯಲ್ಲಿ ಮಂಡಿ ಆಪರೇಷನ್ ಆದ ಅಮ್ಮ, ವಾರಕ್ಕೆ ಎರಡು ಸಲ ಹರಿಹರ. ಸ್ಕೂಟರ್‌ಗೆ ಮಷೀನು ಕಟ್ಟಿಕೊಂಡು ಓಡಾಡಿ ಸಾಕಾಗಿ, ಮೂರು ವರ್ಷದ ಹಿಂದೆ ಕೆಎ-17 ನಂಬರಿನ ಸೆಕೆಂಡ್ ಹ್ಯಾಂಡ್ ಕಾರು ತಗೊಂಡೆ. ಇನ್ಶೂರೆನ್ಸ್ ಅಂದರೆ ಪೊಲೀಸರು ಕೈ ಅಡ್ಡ ಹಾಕಿದಾಗ ತೋರಿಸುವ ಕಾಗದ ಅಂತಷ್ಟೇ ಆಗ ಗೊತ್ತಿದ್ದದ್ದು. ಹೋಂ ನರ್ಸ್‌ಗಳು, ವಯಸ್ಸಾದವರನ್ನು ನೋಡಿಕೊಳ್ಳುವವರು, ನಮ್ಮಲ್ಲಿ ಬಹಳ ಜನರದ್ದು ಇದೇ ಕಥೆ ಅಲ್ವಾ?

ಮೊದಲು ಪಾಲಿಸಿಯ ಪಿಡಿಎಫ್ ತೆರೆದು ‘ಲಿಮಿಟೇಶನ್ಸ್ ಆ್ಯಸ್ ಟು ಯೂಸ್’ ಅನ್ನೋ ಸಾಲು ಹುಡುಕಿ. ಸಣ್ಣ ಅಕ್ಷರದಲ್ಲಿರುತ್ತದೆ. ಬಾಡಿಗೆಗೆ ಓಡಿಸುವುದು, ಸರಕು ಸಾಗಿಸುವುದು, ರೇಸು, ವಾಹನ ವ್ಯಾಪಾರ, ಇಂಥವು ಬಿಟ್ಟು ಯಾವ ಕೆಲಸಕ್ಕಾದರೂ ಬಳಸಬಹುದು ಅನ್ನೋದು ಅದರ ಅರ್ಥ. ಅಂದರೆ ಡ್ಯೂಟಿಗೆ ಅಂತ ನಿಮ್ಮ ಕಾರಲ್ಲಿ ನೀವೇ ಹೋದರೆ ತಪ್ಪೇನಿಲ್ಲ. ಇಂಗ್ಲೆಂಡಿನಲ್ಲಿ ಇದಕ್ಕೆ ‘ಬಿಸಿನೆಸ್ ಯೂಸ್’ ಅಂತ ಬೇರೆ ಸೇರಿಸಬೇಕಂತೆ, ಅಲ್ಲಿ ಕೇರ್ ಕೆಲಸಕ್ಕೆ ಹೋದ ನಮ್ಮ ಜೂನಿಯರ್ ಹೇಳಿದ್ದು. ನಮ್ಮಲ್ಲಿ ಆ ತಲೆನೋವಿಲ್ಲ.

ಎಡವುವುದು ‘ಬಾಡಿಗೆ’ ಅನ್ನೋ ಪದದ ಹತ್ತಿರ. ‘ಮೇಡಂ, ಹೆಂಗೂ ಆಸ್ಪತ್ರೆ ಕಡೆ ಹೊಂಟೀರಿ, ನಮ್ಮ ಅಪ್ಪಾಜೀನೂ ಕರ್ಕೊಂಡ್ ಹೋಗ್ರಿ, ಪೆಟ್ರೋಲ್‌ಗೆ ಐನೂರು ಇಟ್ಕಳ್ರಿ’ ಅಂತಾರೆ. ಪ್ರೀತಿಯಿಂದಲೇ ಹೇಳೋದು. ಆದರೆ ಆ ಐನೂರು ಮುಟ್ಟಬೇಡಿ. ವೈಟ್ ಬೋರ್ಡ್ ಕಾರಲ್ಲಿ ದುಡ್ಡು ತಗೊಂಡು ಜನರನ್ನು ಕೂರಿಸಿಕೊಂಡಿರಿ ಅಂದರೆ, ದಾರಿಯಲ್ಲಿ ಏನಾದರೂ ಆದಾಗ ಕ್ಲೇಮ್ ತಳ್ಳಿಹಾಕಲು ಕಂಪನಿಗೆ ನೀವೇ ಕಾರಣ ಕೊಟ್ಟ ಹಾಗೆ. ನಾನು ಯೆಲ್ಲೋ ಬೋರ್ಡ್ ಟ್ಯಾಕ್ಸಿಯವರ ನಂಬರ್ ಕೊಟ್ಟುಬಿಡುತ್ತೇನೆ, ಸೀರಿಯಸ್ ಇದ್ದರೆ 108. ತೀರಾ ತುರ್ತಿದ್ದಾಗ ಕರೆದುಕೊಂಡು ಹೋಗಿದ್ದೇನೆ, ಒಂದು ರೂಪಾಯಿ ತಗೊಂಡಿಲ್ಲ.

ಎರಡನೆಯದು, ಆರ್‌ಸಿ ಮತ್ತು ಪಾಲಿಸಿ ಯಾರ ಹೆಸರಲ್ಲಿವೆ ನೋಡಿ. ಹಳೇ ಕಾರು ಕೊಂಡವರು 14 ದಿನದೊಳಗೆ ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಲು ಕಂಪನಿಗೆ ಬರೆಯಬೇಕು. ‘ಏನೂ ಆಗಲ್ಲ ಬಿಡ್ರಿ’ ಅಂದ ಏಜೆಂಟ್ ಮಾತು ಕೇಳಿ ನಾನು ಎರಡು ತಿಂಗಳು ಸುಮ್ನೆ ಇದ್ದೆ. ಏನೂ ಆಗಲಿಲ್ಲ, ಅದು ನನ್ನ ಪುಣ್ಯ. ಮತ್ತೊಂದು, 15 ಲಕ್ಷದ ಓನರ್-ಡ್ರೈವರ್ ಅಪಘಾತ ವಿಮೆ ಇರುವುದು ಲೈಸೆನ್ಸ್ ಇರುವ ಮಾಲೀಕರಿಗೆ ಮಾತ್ರ. ಗಂಡನ ಹೆಸರಿನ ಕಾರನ್ನು ದಿನಾ ನೀವು ಓಡಿಸುತ್ತಿದ್ದರೆ ಅದು ನಿಮಗೆ ಸಿಗುವುದಿಲ್ಲ. ನಿಮ್ಮ ಹೆಸರಲ್ಲಿ ಬೇರೆ ಅಪಘಾತ ಪಾಲಿಸಿ ಮಾಡಿಸಿ.

ಇನ್ನು ಥರ್ಡ್ ಪಾರ್ಟಿ ಸಾಕೋ, ಫುಲ್ ಇನ್ಶೂರೆನ್ಸ್ ಬೇಕೋ? 1000ದಿಂದ 1500 ಸಿಸಿ ಒಳಗಿನ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದ ಥರ್ಡ್ ಪಾರ್ಟಿ ದರ ವರ್ಷಕ್ಕೆ 3,416 ರೂಪಾಯಿ, ಜಿಎಸ್‌ಟಿ ಬೇರೆ. ಅದು ಬೇರೆಯವರಿಗಾದ ನಷ್ಟಕ್ಕಷ್ಟೇ, ನಿಮ್ಮ ಕಾರಿನ ರಿಪೇರಿಗೆ ಒಂದು ಪೈಸೆಯೂ ಬರಲ್ಲ. ಕಾರು ನಿಂತರೆ ಕೆಲಸವೂ ನಿಲ್ಲುವ ನಮ್ಮಂಥವರಿಗೆ ಫುಲ್ ಇನ್ಶೂರೆನ್ಸೇ ವಾಸಿ ಅನ್ನೋದು ನನ್ನ ಲೆಕ್ಕ.

ಹಾಗಂತ ಸಣ್ಣಪುಟ್ಟದ್ದಕ್ಕೆಲ್ಲ ಕ್ಲೇಮ್ ಹಾಕಬೇಡಿ. ನಿಟುವಳ್ಳಿಯ ಗಲ್ಲಿಯಲ್ಲಿ ರಿವರ್ಸ್ ತೆಗೆಯುವಾಗ ಮನೆ ಮುಂದೆ ನೆಟ್ಟ ಕಲ್ಲಿಗೆ ಗುದ್ದಿ ನನ್ನ ಹಿಂದಿನ ಬಂಪರ್ ಒಡೆಯಿತು. ಹೊಸದಕ್ಕೆ 4,800. ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ಸವಕಳಿ (ಬಳಸಿ ಸವೆದದ್ದಕ್ಕೆ ಅಂತ ಕಂಪನಿ ಹಿಡಿಯುವ ದುಡ್ಡು) ಕಳೆದರೆ 2,400, ನಾವೇ ಹಾಕಬೇಕಾದ ಕಡ್ಡಾಯದ 1,000 ಕಳೆದರೆ ಕೈಗೆ ಬರೋದು 1,400. ಎರಡು ವರ್ಷ ಕ್ಲೇಮ್ ಮಾಡಿರಲಿಲ್ಲ, ಮೂರನೇ ವರ್ಷವೂ ಹಾಗೇ ಕಳೆದರೆ ಮುಂದಿನ ಸಲ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದವರಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) 35 ಪರ್ಸೆಂಟ್ ಆಗುವುದಿತ್ತು, ಅದೇ ಸುಮಾರು 2,100 ಆಗುತ್ತಿತ್ತು. ಕ್ಲೇಮ್ ಹಾಕಿದ್ದರೆ ಬೋನಸ್ ಸೊನ್ನೆ. ಕೈಯಿಂದಲೇ ಕೊಟ್ಟು ಹಾಕಿಸಿದೆ. ಕಾರು ಹೊಸದಿದ್ದರೆ ಬಂಪರ್ ಟು ಬಂಪರ್ ಅನ್ನೋ ಕವರ್ ಮಾಡಿಸಿ, ಸವಕಳಿ ಕಳೆಯಲ್ಲ.

ಹೊಸ ಕಾರಿನವರು ಎರಡು ತಾರೀಖು ನೋಡಬೇಕು. 2018ರ ಸೆಪ್ಟೆಂಬರ್‌ನಿಂದ ಹೊಸ ಕಾರಿಗೆ ಥರ್ಡ್ ಪಾರ್ಟಿ ಮೂರು ವರ್ಷಕ್ಕೆ ಒಟ್ಟಿಗೆ ಮಾಡಿಸಬೇಕು. ನಿಮ್ಮ ಕಾರಿನ ಡ್ಯಾಮೇಜ್ ಭಾಗ ಒಂದೇ ವರ್ಷಕ್ಕೆ ಮುಗಿದಿರಬಹುದು, ‘ಮೂರು ವರ್ಷ ಇದೆ’ ಅಂತ ಆರಾಮಾಗಿ ಓಡಿಸುತ್ತಿರುತ್ತೀರಿ! ಮುಗಿದು 90 ದಿನದೊಳಗೆ ರಿನ್ಯೂ ಮಾಡಿಸದಿದ್ದರೆ ಬೋನಸ್ಸೂ ಹೋಯಿತು.

ಅಪಘಾತ ಆದರೆ ಮೊದಲು ಫೋಟೋ ತೆಗೀರಿ, ಅವತ್ತೇ ಕಂಪನಿಗೆ ಫೋನ್ ಮಾಡಿ. ನಷ್ಟ ಅಂದಾಜು ಮಾಡುವ ಸರ್ವೇಯರ್ ಬಂದು ನೋಡುವ ತನಕ ಗ್ಯಾರೇಜಿನವರಿಗೆ ಸ್ಪ್ಯಾನರ್ ಮುಟ್ಟಿಸಬೇಡಿ. ಯಾರಿಗಾದರೂ ಪೆಟ್ಟಾಗಿದ್ದರೆ ಪೊಲೀಸರಿಗೂ ತಿಳಿಸಿ. ಕ್ಲೇಮ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲೇ ಕೇಳಿ. ಕಂಪನಿಗೆ ದೂರು ಕೊಟ್ಟೂ ಆಗದಿದ್ದರೆ ವಿಮಾ ನಿಯಂತ್ರಣ ಸಂಸ್ಥೆ ಐಆರ್‌ಡಿಎಐನ ದೂರು ನಂಬರ್ 155255ಕ್ಕೆ ಫೋನ್ ಮಾಡಿ, ಅದಕ್ಕೂ ಬಗ್ಗದಿದ್ದರೆ ಬೆಂಗಳೂರಿನಲ್ಲಿ ಇಂಥ ದೂರು ಬಗೆಹರಿಸುವ ವಿಮಾ ಒಂಬುಡ್ಸ್‌ಮನ್ ಕಚೇರಿ ಇದೆ, ಫೀಸ್ ಇಲ್ಲ.

ನಿಮ್ಮ ಏಜೆನ್ಸಿ ಕಿಲೋಮೀಟರ್ ಲೆಕ್ಕದಲ್ಲಿ ಪೆಟ್ರೋಲ್ ದುಡ್ಡು ಕೊಡುತ್ತಿದ್ದರೆ, ‘ನಾನೊಬ್ಬಳೇ ಡ್ಯೂಟಿಗೆ ಹೋಗುತ್ತೇನೆ, ಪೇಷೆಂಟ್ ಕೂರಿಸುವುದಿಲ್ಲ, ಇದಕ್ಕೆ ಕವರ್ ಇದೆಯಾ’ ಅಂತ ಇನ್ಶೂರೆನ್ಸ್ ಕಂಪನಿಗೆ ಒಂದು ಮೇಲ್ ಹಾಕಿ. ನನಗೆ ಬಂದ ಉತ್ತರ ಎರಡೇ ಸಾಲಿನದ್ದು. ಪ್ರಿಂಟ್ ತೆಗೆದು ಡ್ಯಾಶ್‌ಬೋರ್ಡಿನಲ್ಲಿ ಆರ್‌ಸಿ ಜೊತೆ ಇಟ್ಟಿದ್ದೇನೆ.